ಹನ್ನೊಂದು ಗಂಟೆಗೆ ಹೊರಟುಬಿಡುವ ಗೆಳೆಯ: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಊರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಶಿವು, 38 ವರ್ಷ. ಹಾಸನದ ಕಡೆಯವರು, ಬೆಂಗಳೂರಿನಲ್ಲಿ ಐಟಿ ಕೆಲಸ. ತೂಕ 112 ಕೆಜಿ. ತೂಕ ಎಷ್ಟೆಂದು ನಾನು ಕೇಳಿರಲಿಲ್ಲ. ಹೆಸರು ಹೇಳಿದ ಬೆನ್ನಿಗೇ ಅವರೇ ಅದನ್ನೂ ಹೇಳಿಬಿಟ್ಟರು.

ಬಂದದ್ದು ಪ್ರೀತಿಯ ವಿಷಯಕ್ಕೆ. ವರ್ಷದ ಹಿಂದೆ ಪರಿಚಯವಾದ, ತಮಗಿಂತ ಏಳೆಂಟು ವರ್ಷ ದೊಡ್ಡವರಾದ ಗೆಳೆಯ "ಇಷ್ಟೇ ಆದರೆ ಸಾಕು ಬಿಡು" ಎಂದಿದ್ದರು. ಎಷ್ಟೇ ಸಲಿಗೆಯಿಂದ ಸಂಜೆ ಕಳೆದಿರಲಿ, ಹನ್ನೊಂದು ಗಂಟೆಗೆ ಶಿವು ಶೂ ಹಾಕಿಕೊಳ್ಳುತ್ತಿದ್ದರು. ಒಂದು ರಾತ್ರಿಯೂ ಉಳಿದವರಲ್ಲ. "ನನ್ನ ಪಕ್ಕ ಮಲಗಿ ನಿದ್ದೆ ಮಾಡೋಕೂ ನಿಂಗೆ ನಾಚಿಕೆನಾ?" ಅಂತ ಗೆಳೆಯ ಕೇಳಿದ್ದಕ್ಕೆ ಇವರಲ್ಲಿ ಉತ್ತರವಿರಲಿಲ್ಲ.

ಸ್ವಲ್ಪ ಹಿಂದಿನ ಕಥೆ. ತಾನು ಗೇ, ಅಂದರೆ ಗಂಡಸರತ್ತಲೇ ಆಕರ್ಷಣೆ ಇರುವ ಗಂಡಸು ಎಂಬುದು ಶಿವುಗೆ ಕಾಲೇಜಿನಲ್ಲೇ ಗೊತ್ತು. ಆದರೆ ಡೇಟಿಂಗ್ ಆ್ಯಪ್‌ಗಳಲ್ಲಿ ಪ್ರೊಫೈಲ್ ಮೇಲೆ ಪ್ರೊಫೈಲ್ "ದಪ್ಪಗಿರುವವರು ಮೆಸೇಜ್ ಮಾಡಬೇಡಿ" ಎನ್ನುತ್ತಿದ್ದವು. ಹೊರಗಿನ ಜನ ಗೇ ಎಂದು ಒಪ್ಪುವುದಿಲ್ಲ, ಒಳಗಿನವರು ದಪ್ಪ ಎಂದು ಒಪ್ಪುವುದಿಲ್ಲ. ಹೀಗಿರುವಾಗ ಕಂಪನಿ ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. ಅಲ್ಲಿ ಹ್ಯಾರಿಸನ್ ಸ್ಟ್ರೀಟಿನ ಲೋನ್ ಸ್ಟಾರ್ ಎಂಬ ಬಾರಿಗೆ ಒಂದು ಭಾನುವಾರ ಒಬ್ಬರೇ ಹೋಗಿ ನಿಂತರು. "ನೋಡಿದ್ರೆ ಎಲ್ಲಾ ನನ್ನ ಥರಾನೇ ಇದ್ದಾರೆ ಮೇಡಂ. ಹೊಟ್ಟೆ, ಗಡ್ಡ, ಮೈತುಂಬ ಕೂದಲು. ಆರಾಮಾಗಿ ನಗ್ತಾ ನಿಂತಿದ್ದಾರೆ. ನಾನು ಮಾತ್ರ ಜಾಕೆಟ್ ಬಿಚ್ಚಲಿಲ್ಲ."

ದಪ್ಪ ಮೈಯ, ರೋಮ ತುಂಬಿದ ಗೇ ಗಂಡಸರ ಈ ಬಳಗಕ್ಕೆ ಬೇರ್ (ಕರಡಿ) ಸಮುದಾಯ ಎನ್ನುತ್ತಾರೆ. ಇದು ರೂಪು ತಳೆದದ್ದು ಹೆಚ್ಚಾಗಿ ಆ ಊರಿನಲ್ಲೇ. 1987ರಲ್ಲಿ ಅಲ್ಲಿ 'ಬೇರ್' ಪತ್ರಿಕೆ ಶುರುವಾಯಿತು, 1989ರಲ್ಲಿ ಲೋನ್ ಸ್ಟಾರ್ ತೆರೆಯಿತು, 1995ರ ಹೊತ್ತಿಗೆ ಕ್ರೇಗ್ ಬರ್ನ್ಸ್ ಎಂಬವರು ಮಾಡಿದ ಕಂದಿನಿಂದ ಕಪ್ಪಿನವರೆಗಿನ ಬಣ್ಣದ ಪಟ್ಟಿಗಳ, ಕರಡಿ ಪಂಜದ ಗುರುತಿನ ಬಾವುಟವೂ ಬಂತು. ಏಡ್ಸ್ ಕಣ್ಣೆದುರೇ ಗೆಳೆಯರನ್ನು ಸೊರಗಿಸುತ್ತಿದ್ದ ವರ್ಷಗಳವು. ತುಂಬಿದ ಮೈ ಆಗ ಬೇರೆಯೇ ರೀತಿ ಕಂಡಿರಬೇಕು. ಬೆಂಗಳೂರಿನಲ್ಲಿ ಅಂಥ ಬಾರ್ ಇಲ್ಲದಿದ್ದರೂ ವಾಟ್ಸ್ಯಾಪ್ ಗುಂಪು, ಬೇರ್‌ಗಳದೇ ಆ್ಯಪ್, ಯಾರದೋ ಮನೆಯ ಶನಿವಾರದ ಊಟ ಇವೆ. ಶಿವು ವಾಪಸಾದ ಮೇಲೆ ಗೆಳೆಯ ಸಿಕ್ಕಿದ್ದು ಅಂಥ ಒಂದು ಊಟದಲ್ಲೇ.

ಇಷ್ಟಾದ ಮೇಲೂ ಜಾಕೆಟ್ ಯಾಕೆ ಬಿಚ್ಚಲಾಗಲಿಲ್ಲ? ನನಗೆ ಸುಳಿವು ಸಿಕ್ಕಿದ್ದು ಮನೆಯವರ ಮಾತು ಬಂದಾಗ. "ತೂಕ ಇಳಿಸು ಮಗಾ, ಹೆಣ್ಣು ನೋಡೋಣ" ಎಂದು ತಾಯಿ ಹತ್ತು ವರ್ಷದಿಂದ ಹೇಳುತ್ತಿದ್ದಾರೆ. "ಇಷ್ಟು ದಪ್ಪ ಇರೋನನ್ನ ಯಾರಮ್ಮ ಒಪ್ತಾರೆ" ಎಂದು ಇವರು ಹತ್ತು ವರ್ಷದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ. ಅವಮಾನಕ್ಕೆ ಕಾರಣವಾದ ಮೈಯೇ ಅವರಿಗೆ ಅಡಗುದಾಣವೂ ಆಗಿತ್ತು. ಈಗ ಒಬ್ಬರು ಆ ಮೈಯನ್ನೇ ಇಷ್ಟಪಟ್ಟರೆ ಮನೆಯಲ್ಲಿ ಹೇಳಲು ನೆಪ ಉಳಿಯುವುದಿಲ್ಲ. ಇದನ್ನು ಹೇಳಿದಾಗ ಅವರು ತುಂಬ ಹೊತ್ತು ಸುಮ್ಮನಿದ್ದು, "ಇನ್ನೊಂದು ಕಾರಣಾನೂ ಇದೆ. ನಾನು ವಿಪರೀತ ಗೊರಕೆ ಹೊಡೀತೀನಿ" ಅಂದರು.

ನಗು ಬಂತು, ಅವರಿಗೂ ಬಂತು. ಆದರೆ ವಿಷಯ ನಗುವಂಥದ್ದಲ್ಲ. ರಾತ್ರಿ ಉಸಿರು ಕಟ್ಟಿ ಏಳುವುದು, ಹಗಲು ಮೀಟಿಂಗಿನಲ್ಲೇ ತೂಕಡಿಕೆ: ಎಲ್ಲ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ) ಕಡೆ ಬೊಟ್ಟು ಮಾಡುತ್ತಿದ್ದವು. ತೂಕದ ಬಗ್ಗೆ ಬೈಸಿಕೊಳ್ಳಬೇಕಾಗುತ್ತದೆಂದು ವರ್ಷಗಳಿಂದ ಡಾಕ್ಟರ ಹತ್ತಿರ ಹೋಗಿರಲಿಲ್ಲ. ನನ್ನ ಮೊದಲ ಸಲಹೆ ಪ್ರೀತಿಯದ್ದಲ್ಲ, ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯ ಪರೀಕ್ಷೆ ಮಾಡಿಸಿ ಎಂಬುದು. ಮೈಯನ್ನು ಒಪ್ಪಿಕೊಳ್ಳುವುದೆಂದರೆ ಅದರ ಕಾಯಿಲೆಯನ್ನು ಕಡೆಗಣಿಸುವುದು ಎಂದು ಈ ಬಳಗದಲ್ಲೂ ಕೆಲವರು ತಿಳಿದಿದ್ದಾರೆ. ನಾನು ಹಾಗೆ ತಿಳಿದಿಲ್ಲ.

ಎರಡನೆಯದು, ಹನ್ನೊಂದು ಗಂಟೆಯ ಕಾರಣವನ್ನು ಗೆಳೆಯನಿಗೆ ಹೇಳಿಬಿಡಿ ಎಂದೆ. ಮೆಸೇಜಿನಲ್ಲಿ ಬೇಡ, ಎದುರು ಕೂತು. ಶಿವುಗೆ ಒಂದು ಅನುಮಾನವೂ ಇತ್ತು: "ಅವರಿಗೆ ಇಷ್ಟ ನಾನೋ, ನನ್ನ ಹೊಟ್ಟೇನೋ?" ಬೇರ್‌ಗಳ ಹಿಂದೆ ಬೀಳುವ ಚೇಸರ್‌ಗಳ ಬಗ್ಗೆ ಕೇಳಿ ಹುಟ್ಟಿದ ಭಯ ಅದು. ಆಕರ್ಷಣೆ ಎಲ್ಲರಲ್ಲೂ ಎಲ್ಲಿಂದಲೋ ಶುರುವಾಗುತ್ತದೆ. ತೆಳ್ಳಗಿನವರನ್ನು ಮೆಚ್ಚಿದವರನ್ನು ಯಾರೂ ಹೀಗೆ ವಿಚಾರಣೆ ಮಾಡುವುದಿಲ್ಲ. ನಿಮಗೆ ಜ್ವರ ಬಂದಾಗ ಆ ಮನುಷ್ಯ ಏನು ಮಾಡಿದರು, ಹಗಲು ಹೊತ್ತು ನಿಮ್ಮ ಜೊತೆ ಹೋಟೆಲಿಗೆ ಬರುತ್ತಾರಾ, ತಮ್ಮ ಸ್ನೇಹಿತರಿಗೆ ನಿಮ್ಮನ್ನು ಪರಿಚಯಿಸಿದ್ದಾರಾ ಎಂದು ಕೇಳಿದೆ. ಮೂರಕ್ಕೂ ಒಳ್ಳೆಯ ಉತ್ತರವೇ ಬಂತು.

ಬಳಗವನ್ನೇ ಸ್ವರ್ಗವೆಂದು ನಂಬಬೇಡಿ ಎಂದೂ ಹೇಳಿದೆ. ಅಲ್ಲೂ ಶ್ರೇಣಿಗಳಿವೆ: ಜಿಮ್ ಮೈಯ ಮಸಲ್ ಬೇರ್‌ಗೆ ಇರುವ ಬೆಲೆ ಬರೀ ಹೊಟ್ಟೆಯವನಿಗೆ ಇಲ್ಲ, ಮೃದುವಾಗಿ ಮಾತಾಡುವ, ಹೆಣ್ಣಿಗ ಎನಿಸಿಕೊಂಡವರನ್ನು ದೂರವಿಡುವವರಿದ್ದಾರೆ. ಶಿವು ಇದ್ದ ಗುಂಪಿನಲ್ಲೂ ಅಂಥ ಜೋಕುಗಳು ಓಡುತ್ತಿದ್ದವು, ಇವರೂ ನಕ್ಕಿದ್ದರು.

ಮನೆಯ ವಿಷಯದಲ್ಲಿ ಅವಸರ ಬೇಡ ಎಂದೆ. ದಂಡ ಸಂಹಿತೆಯ (ಐಪಿಸಿ) 377ನೇ ಸೆಕ್ಷನ್ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ಕೊಟ್ಟ ತೀರ್ಪಿನಿಂದ ವಯಸ್ಕ ಗಂಡಸರಿಬ್ಬರು ಒಪ್ಪಿ ಕೂಡುವುದು ಅಪರಾಧವಲ್ಲ. ಅಂಥವರ ಮದುವೆಗೆ ಮಾನ್ಯತೆ 2023ರ ತೀರ್ಪಿನಲ್ಲೂ ಸಿಗಲಿಲ್ಲ. ತಾಯಿಗೆ ಈ ತೀರ್ಪುಗಳಿಂದ ಏನೂ ಆಗುವುದಿಲ್ಲ. ಸದ್ಯಕ್ಕೆ "ಯಾರು ಒಪ್ತಾರೆ" ಎಂಬ ಉತ್ತರವೊಂದನ್ನು ಬಿಟ್ಟು, "ನನಗೆ ಮದುವೆ ಬೇಡಮ್ಮ" ಎಂದಷ್ಟೇ ಹೇಳಿ ನೋಡಿ ಎಂದೆ. ಮೊದಲು ತಂಗಿಗೆ ಹೇಳುವುದು ವಾಸಿ ಎಂದು ಅವರೇ ಯೋಚಿಸಿದರು.

ಪರೀಕ್ಷೆಯಲ್ಲಿ ಆಪ್ನಿಯಾ ಇರುವುದು ಖಚಿತವಾಯಿತು, ರಾತ್ರಿ ಸಿಪ್ಯಾಪ್ ಮಾಸ್ಕ್ (ಉಸಿರು ಕಟ್ಟದಂತೆ ಯಂತ್ರದಿಂದ ಗಾಳಿ ಒತ್ತಿ ಕೊಡುವ ಮುಖವಾಡ) ಹಾಕಿಕೊಳ್ಳಲು ಡಾಕ್ಟರು ಹೇಳಿದರು. "ಅದನ್ನ ಮುಖಕ್ಕೆ ಹಾಕ್ಕೊಂಡು ಅವರ ಪಕ್ಕ ಮಲಗೋದಾ ಮೇಡಂ?" ಎಂದು ಹೊಸ ಚಿಂತೆ ತಂದರು. ಮುಂದಿನ ಸಲ ಬಂದಾಗ ಗೊತ್ತಾದದ್ದು: ಗೆಳೆಯನ ಕೋಣೆಯಲ್ಲಿ ಪ್ಲಗ್ ಪಾಯಿಂಟ್ ದೂರವಿತ್ತಂತೆ, ಅವರು ಎಕ್ಸ್‌ಟೆನ್ಷನ್ ಬಾಕ್ಸ್ ತಂದಿಟ್ಟಿದ್ದರಂತೆ. ಶಿವು ಉಳಿದರು. ತಂಗಿಯ ಹತ್ತಿರ ಮಾತು ಇನ್ನೂ ಆಗಿಲ್ಲ. ಯುಗಾದಿಗೆ ಊರಿಗೆ ಹೊರಡುವ ಮುಂಚೆ ಒಮ್ಮೆ ಬಂದು ಹೋಗುತ್ತೇನೆ ಎಂದಿದ್ದಾರೆ.