ಪ್ಯಾಕೆಟ್ ಉಪ್ಪಿಟ್ಟು ಮಾವನಿಗೆ ಆಗುತ್ತದಾ?

ಪ್ರಶ್ನೆ: ಮಾವನಿಗೆ 68 ವರ್ಷ. ಕಿಡ್ನಿ ಕಾಯಿಲೆ ಮೂರನೇ ಹಂತದಲ್ಲಿದೆ, ಡಯಾಲಿಸಿಸ್ ಇಲ್ಲ. ನಾನು ಬೆಳಿಗ್ಗೆ ಏಳಕ್ಕೇ ಮಣಿಪಾಲಕ್ಕೆ ಕೆಲಸಕ್ಕೆ ಹೊರಡುತ್ತೇನೆ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ ತಂದಿಟ್ಟಿದ್ದೇನೆ. 100 ಗ್ರಾಂಗೆ ಸೋಡಿಯಂ 1,150 ಮಿಲಿಗ್ರಾಂ ಎಂದಿದೆ. ಜಾಸ್ತಿಯಾ? ಅಡುಗೆಗೆ ಲೋ ಸೋಡಿಯಂ ಉಪ್ಪನ್ನೇ ಬಳಸುತ್ತೇನೆ.
– ಹೆಸರು ಬೇಡ, ಕಟಪಾಡಿ

ಉತ್ತರ: ಮೊದಲು ಆ ಉಪ್ಪಿನ ಡಬ್ಬ ಬದಿಗಿಡಿ. ಅದರಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬರೀ ಬಿಪಿ ಇದ್ದವರಿಗೆ ಅದು ಒಳ್ಳೆಯದೇ. ಕಿಡ್ನಿ ಸೋತವರಿಗೆ ಹಾಗಲ್ಲ. ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲೇ ಉಳಿದರೆ ಎದೆಬಡಿತ ತಪ್ಪಬಹುದು. ಮಾವನ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂದು ನೀವು ಬರೆದಿಲ್ಲ. ಅದನ್ನು ನೋಡಿ, ಈ ಉಪ್ಪಿನ ಸಂಗತಿಯನ್ನು ಡಾಕ್ಟರಿಗೆ ಹೇಳಿ.

ಇನ್ನು ಉಪ್ಪಿಟ್ಟು. ಒಂದು ಪ್ಯಾಕೆಟ್ 60 ಗ್ರಾಂ ಇದ್ದರೆ ಹೊಟ್ಟೆಗೆ ಹೋಗುವ ಸೋಡಿಯಂ 690 ಮಿಲಿಗ್ರಾಂ. ಅದನ್ನು 400ರಿಂದ ಭಾಗಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ, ಹತ್ತಿರ ಹತ್ತಿರ ಒಂದೂಮುಕ್ಕಾಲು ಗ್ರಾಂ. ಇಡೀ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ 2,000 ಮಿಲಿಗ್ರಾಂ ಸೋಡಿಯಂ ದಾಟಬಾರದು. ಬೆಳಗಿನ ತಿಂಡಿಗೇ ಮೂರನೇ ಒಂದು ಪಾಲು ಹೋಯಿತಲ್ಲ! ಅಪರೂಪಕ್ಕೆ ಸರಿ, ದಿನಾ ಬೇಡ.

ರಂಜಕವೂ (ಫಾಸ್ಫರಸ್) ಪೊಟ್ಯಾಸಿಯಂನಂತೆಯೇ, ಸೋತ ಕಿಡ್ನಿಯಿಂದ ಸರಿಯಾಗಿ ಹೊರಹೋಗದು. ಇವೆರಡೂ ಎಷ್ಟಿವೆ ಎಂದು ಲೇಬಲ್ಲಿನಲ್ಲಿ ಬರೆಯಲೇಬೇಕು ಎಂಬ ನಿಯಮ ನಮ್ಮಲ್ಲಿಲ್ಲ. ಹಾಗಾಗಿ ಇರುವೆ ಸಾಲಿನಂಥ ಆ ಪದಾರ್ಥಗಳ ಪಟ್ಟಿ ಓದಬೇಕು. 338ರಿಂದ 341, 450ರಿಂದ 452 ಎಂಬ ನಂಬರುಗಳು ಫಾಸ್ಫೇಟುಗಳವು, ಅಂದರೆ ರಂಜಕ ಇರುವ ಪದಾರ್ಥಗಳವು. ಬೇಳೆಯ ರಂಜಕ ಸುಮಾರು ಅರ್ಧ ಮಾತ್ರ ಮೈಗೆ ಸೇರುತ್ತದೆ, ಈ ಫಾಸ್ಫೇಟುಗಳದ್ದು ಹೆಚ್ಚುಕಡಿಮೆ ಪೂರ್ತಿ. 508 ಎಂದಿದ್ದರೆ ಮತ್ತೆ ಅದೇ ಪೊಟ್ಯಾಸಿಯಂ ಕ್ಲೋರೈಡ್.

ನನಗೆ ಭಯ ಜಾಸ್ತಿ ಇರುವುದು ಲೇಬಲ್ಲೇ ಇಲ್ಲದ್ದರ ಬಗ್ಗೆ. ನನ್ನ ಅಮ್ಮನಿಗೂ ಇದೇ ಕಾಯಿಲೆ ಇತ್ತು. ನಾನು ಭೂತಕನ್ನಡಿ ಹಿಡಿದು ಪ್ಯಾಕೆಟ್ ಓದುತ್ತಿದ್ದರೆ, ಅವರು ಒಳಗೆ ಕುಚ್ಚಲಕ್ಕಿ ಗಂಜಿಗೆ ಭರಣಿಯ ಮಾವಿನಮಿಡಿ ನಂಜಿಕೊಳ್ಳುತ್ತಿದ್ದರು. ಕೇಳಿದರೆ, ‘ಇದು ಮನೆಯದ್ದಲ್ವಾ!’ ಕಾಲು ಊದಿಕೊಂಡ ಮೇಲೆ ಭರಣಿ ಅಟ್ಟ ಹತ್ತಿತು. ಹಪ್ಪಳ, ಬಾಳಕ ಮೆಣಸು, ಉಪ್ಪುಸೊಳೆ, ಒಣಮೀನು ಎಲ್ಲ ಅದರ ನೆಂಟರೇ. ದಾರೆಹುಳಿಯನ್ನಂತೂ (ಸ್ಟಾರ್ ಫ್ರೂಟ್) ಹಣ್ಣು, ಜ್ಯೂಸ್, ಉಪ್ಪಿನಕಾಯಿ ಯಾವ ರೂಪದಲ್ಲೂ ಕೊಡಬೇಡಿ. ಅದರ ವಿಷವನ್ನು ಸೋತ ಕಿಡ್ನಿ ಹೊರಹಾಕಲಾರದು, ಅದು ಮಿದುಳಿಗೇ ಏರುತ್ತದೆ. ತಿಂದ ಮೇಲೆ ನಿಲ್ಲದ ಬಿಕ್ಕಳಿಕೆ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಬೆಳಗಿನ ತಿಂಡಿಗೆ ನೀವೇ ಒಂದು ‘ಪ್ಯಾಕೆಟ್’ ಮಾಡಬಹುದು. ಭಾನುವಾರ ರವೆ ಹುರಿದು, ಸಾಸಿವೆ, ಕರಿಬೇವು, ಶುಂಠಿಯ ಒಗ್ಗರಣೆ ಕಲಸಿ ಡಬ್ಬದಲ್ಲಿಡಿ. ಕುದಿಯುವ ನೀರಿಗೆ ಹಾಕಿ ಐದು ನಿಮಿಷ ಬೇಯಿಸಿದರೆ ಆಯಿತು. ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಉಪ್ಪು ಕಡಿಮೆಯಾದದ್ದು ಅಷ್ಟಾಗಿ ತಿಳಿಯುವುದಿಲ್ಲ. ಒಂದು ಬಟ್ಟಲಿಗೆ ಒಂದು ಚಿಟಿಕೆ ಉಪ್ಪು ಸಾಕು. ಅದನ್ನು ನೀವೇ ಪೊಟ್ಟಣ ಕಟ್ಟಿಟ್ಟು ಹೊರಡಿ. ನನ್ನ ಅಮ್ಮನ ಚಿಟಿಕೆಗೆ ಐದು ಬೆರಳಿತ್ತು.