ತೀರಿಕೊಂಡ ಅಪ್ಪನ ಐಫೋನ್ ತೆರೆಯಲು ಸೆಲೆಬ್ರೈಟ್ ತರಹದ ಯಂತ್ರ ಎಲ್ಲಿ ಸಿಗುತ್ತದೆ?

ಮೊನ್ನೆ ಅಪ್ಪ ಹೋದರು, ಪಾಸ್‌ಕೋಡ್ ಯಾರಿಗೂ ಗೊತ್ತಿಲ್ಲ ಎಂದು ಬರೆದಿದ್ದೀರಿ. ಯಂತ್ರದ ಮಾತು ಆಮೇಲೆ. ಮೊದಲು ಫೋನನ್ನು ಚಾರ್ಜಿಗೆ ಹಾಕಿ. ಅಪ್ಪ ದಿನಾ ಬಳಸುತ್ತಿದ್ದ ವೈಫೈ ಸಿಗುವ ಕಡೆಯೇ ಹಾಕಿ. ನಾನು ಇದನ್ನು ಮಾಡಲಿಲ್ಲ.

2023ರ ಜನವರಿಯಲ್ಲಿ ನನ್ನ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡ. ಆಸ್ಪತ್ರೆಯಲ್ಲಿ ಅವನ ಐಫೋನನ್ನು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಗಾಜು ಬಿರುಕು ಬಿಟ್ಟಿತ್ತು, ಆದರೆ ಆನ್ ಇತ್ತು. ಒಂದರ ಹಿಂದೆ ಒಂದು ಕಾಲ್ ಬರುತ್ತಿತ್ತು. ಬ್ಯಾಟರಿ ಉಳಿಯಲಿ, ಆಮೇಲೆ ಬೇಕಾಗುತ್ತದೆ ಎಂದು ನಾನೇ ಸ್ವಿಚ್ ಆಫ್ ಮಾಡಿದೆ. ಶಿವಮೊಗ್ಗಕ್ಕೆ ತಂದು ಬೀರುವಿನಲ್ಲಿಟ್ಟೆ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಆನ್ ಮಾಡಿದೆ. ಅಮ್ಮ ತನ್ನ ಫೋನಿನಿಂದ ಅವನ ನಂಬರಿಗೆ ಕಾಲ್ ಮಾಡಿದಳು. ಯಾವಾಗಲೂ ‘ಅಮ್ಮ’ ಅಂತ ಬರುತ್ತಿದ್ದ ಕಡೆ ಬರೀ ನಂಬರ್ ಬಂತು. “ನನ್ನ ಹೆಸರು ಅಳಿಸಿಬಿಟ್ಟಿದ್ದನಾ?” ಅಂದಳು.

ಅಳಿಸಿರಲಿಲ್ಲ. ಐಫೋನ್ ಆನ್ ಆದ ಮೇಲೆ ಒಂದು ಸಲ ಪಾಸ್‌ಕೋಡ್ ಹಾಕಿದರೆ ಒಳಗಿನ ಬಹುಪಾಲು ಬೀಗಗಳ ಕೀಲಿ ಮೆಮರಿಯಲ್ಲಿ ಉಳಿಯುತ್ತದೆ. ಆಮೇಲೆ ಸ್ಕ್ರೀನ್ ಲಾಕ್ ಆದರೂ ಅಲ್ಲೇ ಇರುತ್ತದೆ. ಅದಕ್ಕೇ ಜೇಬಿನಲ್ಲಿ ಲಾಕ್ ಆಗಿರುವ ಫೋನೂ ಕರೆ ಬಂದಾಗ ಹೆಸರು ತೋರಿಸುತ್ತದೆ, ವೈಫೈ ಹಿಡಿಯುತ್ತದೆ, ರಾತ್ರಿ ಚಾರ್ಜಿಗಿಟ್ಟಾಗ ತಾನೇ ಐಕ್ಲೌಡ್‌ಗೆ, ಅಂದರೆ ಆಪಲ್‌ನ ಆನ್‌ಲೈನ್ ಸಂಗ್ರಹಕ್ಕೆ, ಬ್ಯಾಕಪ್ ಕಳಿಸುತ್ತದೆ. ಸ್ವಿಚ್ ಆಫ್ ಆಯಿತೋ, ಆ ಕೀಲಿ ಹೋಯಿತು. ಮತ್ತೆ ಆನ್ ಮಾಡಿದರೂ ಪಾಸ್‌ಕೋಡ್ ಹಾಕುವವರೆಗೆ ಹೆಸರಿಲ್ಲ, ವೈಫೈ ಇಲ್ಲ, ಬ್ಯಾಕಪ್ ಇಲ್ಲ. ಫೊರೆನ್ಸಿಕ್‌ನವರು ಮೊದಲ ಸ್ಥಿತಿಗೆ ಎಎಫ್‌ಯು (ಆಫ್ಟರ್ ಫಸ್ಟ್ ಅನ್‌ಲಾಕ್), ಎರಡನೆಯದಕ್ಕೆ ಬಿಎಫ್‌ಯು (ಬಿಫೋರ್ ಫಸ್ಟ್ ಅನ್‌ಲಾಕ್) ಅನ್ನುತ್ತಾರೆ. ಅವರ ಯಂತ್ರಗಳಿಗೂ ಎರಡನೆಯದು ಬಹಳ ಕಷ್ಟ. ತಮ್ಮನ ಫೋನನ್ನು ಅಲ್ಲಿಗೆ ತಳ್ಳಿದ್ದು ನನ್ನ ಬೆರಳು. ಅವನು ತಿಂಗಳಿಗೆ 75 ರೂಪಾಯಿ ಕೊಟ್ಟು ಐಕ್ಲೌಡ್‌ನಲ್ಲಿ 50 ಜಿಬಿ ಜಾಗ ಇಟ್ಟುಕೊಂಡಿದ್ದ. ಪಿಜಿಯಲ್ಲಿ ವೈಫೈ ಇರಲಿಲ್ಲ, ಊರಿಗೆ ಬಂದಾಗಲೇ ಎಲ್ಲ ಅಪ್‌ಲೋಡ್ ಆಗುತ್ತಿತ್ತು. ಅವನ ಲ್ಯಾಪ್‌ಟಾಪ್‌ನಲ್ಲಿ ಫೋಟೋಗಳು ಗಣೇಶನ ಹಬ್ಬಕ್ಕೇ ನಿಂತಿವೆ. ಆಫ್ ಮಾಡದೆ ಒಂದೇ ಒಂದು ರಾತ್ರಿ ನಮ್ಮ ಹಾಲ್‌ನಲ್ಲಿ ಚಾರ್ಜಿಗಿಟ್ಟಿದ್ದರೆ ಉಳಿದ ನಾಲ್ಕು ತಿಂಗಳದ್ದೂ ಬಂದಿರುತ್ತಿತ್ತು.

2015ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಬರ್ನಾರ್ಡಿನೋದಲ್ಲಿ ಗುಂಡಿನ ದಾಳಿ ಆಯಿತಲ್ಲ, ಅಲ್ಲೂ ಹೀಗೇ ಆಗಿತ್ತು. ದಾಳಿಕೋರನ ಐಫೋನ್ 5ಸಿ ಸಿಕ್ಕಾಗ ಎಫ್‌ಬಿಐ ಹೇಳಿತೆಂದು ಅವನ ಐಕ್ಲೌಡ್ ಪಾಸ್‌ವರ್ಡ್ ಬದಲಾಯಿಸಿದರು. ಫೋನ್ ತಾನಾಗಿ ಬ್ಯಾಕಪ್ ಕಳಿಸುವ ದಾರಿ ಅಲ್ಲಿಗೆ ಮುಚ್ಚಿತು. ಅದು ತಪ್ಪು ಎಂದು ಎಫ್‌ಬಿಐನ ಆಗಿನ ನಿರ್ದೇಶಕ ಜೇಮ್ಸ್ ಕೋಮಿ ಮರುವರ್ಷ ಒಪ್ಪಿಕೊಂಡರು. ಕೊನೆಗೆ ಹೊರಗಿನವರಿಗೆ ದುಡ್ಡು ಕೊಟ್ಟು ತೆರೆಸಿದರು. ಹಾಗಾಗಿ ನೀವೂ ಅಪ್ಪನ ಐಕ್ಲೌಡ್ ಪಾಸ್‌ವರ್ಡ್ ಮುಟ್ಟಬೇಡಿ.

ಇನ್ನು ಯಂತ್ರ. ಬೇಡ. ಇಸ್ರೇಲಿನ ಸೆಲೆಬ್ರೈಟ್, ಅಮೆರಿಕದ ಗ್ರೇಕೀ ಮುಖ್ಯವಾಗಿ ಪೊಲೀಸರಿಗೆ, ತನಿಖೆಯವರಿಗೆ ಮಾರುವಂಥವು. 2018ರಲ್ಲಿ ಗ್ರೇಕೀಗೆ 15,000 ಡಾಲರ್, ಅದೂ 300 ಸಲ ಬಳಸಲು. 2019ರಲ್ಲಿ ಹಳೆ ಸೆಲೆಬ್ರೈಟ್ ಯಂತ್ರಗಳು ಇಬೇಯಲ್ಲಿ 100 ಡಾಲರ್‌ಗೂ ಮಾರಾಟಕ್ಕೆ ಬಂದಿದ್ದವು. ನಾನೂ ತಿಂಗಳುಗಟ್ಟಲೆ ಹುಡುಕಿದೆ. ಆದರೆ ಆಪಲ್ ಅಪ್‌ಡೇಟ್‌ಗಳಲ್ಲಿ ಭದ್ರತೆಯ ತೂತು ಮುಚ್ಚುತ್ತಲೇ ಇರುತ್ತದೆ, ಈ ಕಂಪನಿಗಳು ಹೊಸ ತೂತು ಹುಡುಕುತ್ತಲೇ ಇರುತ್ತವೆ. ಹಳೆ ಯಂತ್ರ ತಗೊಂಡು ಏನು ಮಾಡುತ್ತೀರಿ? ಬೆಂಗಳೂರಿನಲ್ಲಿ ಒಬ್ಬರು ಫೋನ್ ತೆರೆದುಕೊಡುತ್ತೇನೆಂದು ನನ್ನಿಂದ 20 ಸಾವಿರ ಮುಂಗಡ ತಗೊಂಡರು. ಅವರು ಕೇಳಿದ ಮೊದಲ ಪ್ರಶ್ನೆ, “ಆಫ್ ಮಾಡಿಲ್ಲ ಅಲ್ವಾ?” ಎರಡು ವಾರ ಇಟ್ಟುಕೊಂಡು ಆಗಲ್ಲ ಅಂದರು.

ಅಷ್ಟೆಲ್ಲ ಅನುಭವಿಸಿದ ಮೇಲೂ, ಇಂಥ ಯಂತ್ರ ಅಂಗಡಿಯಲ್ಲಿ ಸಿಗಬಾರದು ಅಂತಲೇ ಹೇಳುತ್ತೇನೆ. ತಮ್ಮನ ಫೋನ್ ತೆರೆಯುವ ಪೆಟ್ಟಿಗೆ ಕಳ್ಳನ ಕೈಯಲ್ಲಿ ನನ್ನ ಅಮ್ಮನ ಫೋನನ್ನೂ ತೆರೆಯುತ್ತದೆ. ಸೆರ್ಬಿಯಾದಲ್ಲಿ ಪೊಲೀಸರೇ ಸೆಲೆಬ್ರೈಟ್ ಬಳಸಿ ಪತ್ರಕರ್ತರ ಫೋನ್ ತೆರೆದರು ಎಂದು 2024ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ವರದಿ ಮಾಡಿದೆ.

ಪಾಸ್‌ಕೋಡ್ ಊಹಿಸಿ ಊಹಿಸಿ ಒತ್ತಬೇಡಿ. ಹತ್ತು ಸಲ ತಪ್ಪಿದರೆ ಎಲ್ಲ ಅಳಿಸುವ ಸೆಟ್ಟಿಂಗ್ ಇದ್ದಿರಬಹುದು. ಸಿಮ್ ತೆಗೆಯಬೇಡಿ. ಐಕ್ಲೌಡ್‌ಗೆ ಸೇರಿದ್ದನ್ನು ವಾರಸುದಾರರ ದಾಖಲೆ ಕೊಟ್ಟು ಆಮೇಲೂ ಆಪಲ್‌ಗೆ ಕೇಳಬಹುದು. ಆದರೆ ಐಫೋನ್‌ನ ಸಾಫ್ಟ್‌ವೇರ್ ಐಒಎಸ್ 18.1 ಬಂದ ಮೇಲೆ, ಮೂರು ದಿನ ಯಾರೂ ಅನ್‌ಲಾಕ್ ಮಾಡದ ಐಫೋನ್ ತಾನೇ ರೀಸ್ಟಾರ್ಟ್ ಆಗುತ್ತದೆ, ಆಗಲೂ ಆ ಕೀಲಿ ಹೋಗುತ್ತದೆ. ನಿಮಗೆ ಆಗಲೇ ಎರಡು ದಿನ ಕಳೆದಿದೆ. ಫೋನ್ ಈಗ ಎಲ್ಲಿದೆ, ಆನ್ ಇದೆಯಾ? ಇದನ್ನು ಓದುವುದು ಬಿಟ್ಟು ಮೊದಲು ಅದನ್ನು ನೋಡಿ.