ಊರಿನ ಮನೆಗೆ ಹೊಸ ಟಿವಿ: 43 ಇಂಚಾ, 55 ಇಂಚಾ?

ನೀವಿರುವುದು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಸಾಗರದಲ್ಲಿ. ಬಜೆಟ್ 40 ಸಾವಿರ, ಸೋಫಾದಿಂದ ಗೋಡೆಗೆ ಒಂಬತ್ತು ಅಡಿ. 43 ಇಂಚು ಸಾಕಾ, 55 ಬೇಕಾ, 4ಕೆ ತಗೊಂಡರೆ ವ್ಯತ್ಯಾಸ ಕಾಣುತ್ತಾ, ಕ್ಯೂಎಲ್‌ಇಡಿಗೆ ಜಾಸ್ತಿ ದುಡ್ಡು ಹಾಕಬೇಕಾ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಾನೂ ಹಾಸನದ ನಮ್ಮ ಮನೆಗೆ ಇದೇ ಲೆಕ್ಕ ಹಾಕಿ ಟಿವಿ ತಂದೆ. ಅದರಿಂದ ಕಲಿತದ್ದನ್ನು ಹೇಳುತ್ತೇನೆ.

ಟಿವಿ ಹುಡುಕುವ ಮೊದಲು ಊರಿಗೆ ಫೋನ್ ಮಾಡಿ. ಸೆಟ್‌ಟಾಪ್ ಬಾಕ್ಸ್ ಯಾವುದು, ಅದರಿಂದ ಟಿವಿಗೆ ಹೋಗುವ ವೈರು ಯಾವುದು ಅಂತ ಕೇಳಿ. ಕೆಂಪು, ಬಿಳಿ, ಹಳದಿ ಪಿನ್ನಿನ ಮೂರು ವೈರು ಇದ್ದರೆ ಅದು ಹಳೆಯ ಎಸ್‌ಡಿ, ಅಂದರೆ ಕಡಿಮೆ ಸ್ಪಷ್ಟತೆಯ ಚಿತ್ರ. ಅದರಲ್ಲಿ ಇರುವುದು 720 ಅಡ್ಡ, 576 ಉದ್ದ, ಅಂದರೆ ಸುಮಾರು 4 ಲಕ್ಷ ಚುಕ್ಕಿ (ಪಿಕ್ಸೆಲ್). 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕಿ ಇರುತ್ತದೆ. ಒಂದು ಚುಕ್ಕಿಯನ್ನು ಇಪ್ಪತ್ತು ಮಾಡಿ ಹಿಗ್ಗಿಸಿದರೆ ಮುಖಗಳೆಲ್ಲ ಮಸುಕಾಗದೆ ಇನ್ನೇನಾಗುತ್ತದೆ? ನಮ್ಮ ಮನೆಯಲ್ಲಿ ಆದದ್ದು ಇದೇ. ಹೊಸ ಟಿವಿ ಹಾಕಿದ ಸಂಜೆ ಅಮ್ಮ ಧಾರಾವಾಹಿ ನೋಡಿ, ‘ಹಳೇದೇ ಚೆನ್ನಾಗಿತ್ತು ಕಣೋ’ ಅಂದರು. ನನಗೆ ತುಂಬಾ ಬೇಜಾರಾಯಿತು. ಮರುದಿನ ಎಚ್‌ಡಿ ಬಾಕ್ಸ್ ಹಾಕಿಸಿ, ಚಿತ್ರ, ಸದ್ದು ಎರಡನ್ನೂ ಒಟ್ಟಿಗೆ ಒಯ್ಯುವ ಎಚ್‌ಡಿಎಂಐ ವೈರು ಜೋಡಿಸಿ, ಎಚ್‌ಡಿ ಚಾನೆಲ್ ತಗೊಂಡ ಮೇಲೆ ಅದೇ ಟಿವಿ ಬೇರೆಯೇ ಕಂಡಿತು. ಹಾಗಾಗಿ ಬಾಕ್ಸಿನ ಖರ್ಚನ್ನೂ ನಿಮ್ಮ 40 ಸಾವಿರದಲ್ಲೇ ಸೇರಿಸಿಕೊಳ್ಳಿ.

ಇನ್ನು ಸೈಜು. ಒಂಬತ್ತು ಅಡಿ ದೂರಕ್ಕೆ 43 ಇಂಚು ಚಿಕ್ಕದು. ಕ್ರಿಕೆಟ್ ಸ್ಕೋರು, ನ್ಯೂಸಿನ ಕೆಳಗೆ ಓಡುವ ಅಕ್ಷರ ಓದೋಕೆ ವಯಸ್ಸಾದ ಕಣ್ಣಿಗೆ ಕಷ್ಟ. 55 ತಗೊಳ್ಳಿ. ಆ ದೂರದಲ್ಲಿ 43 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ನಮ್ಮ ಕಣ್ಣಿಗೆ ಗೊತ್ತಾಗುವುದೇ ಇಲ್ಲ ಎನ್ನಬಹುದು. 55ರಲ್ಲೂ ದೊಡ್ಡ ವ್ಯತ್ಯಾಸವೇನಿಲ್ಲ, ಆದರೆ ಆ ಸೈಜಿನಲ್ಲಿ ಈಗ ಬರುವುದೆಲ್ಲ 4ಕೆಯೇ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಕ್ಯೂಎಲ್‌ಇಡಿ ಹೆಸರು ಕೇಳಿ ಅದು ಓಎಲ್‌ಇಡಿ ತರಹ ಅಂದುಕೊಳ್ಳುವವರು ಜಾಸ್ತಿ. ಎರಡೂ ಬೇರೆ ಬೇರೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಆರುತ್ತದೆ. ಅದಕ್ಕೇ ಕಪ್ಪು ನಿಜವಾದ ಕಪ್ಪಾಗಿ ಕಾಣುತ್ತದೆ. ಕ್ಯೂಎಲ್‌ಇಡಿ ಮಾಮೂಲಿ ಎಲ್‌ಸಿಡಿಯೇ, ಪರದೆಯ ಹಿಂದೆ ಬೆಳಕು ಇರುವಂಥದ್ದು. ಹಿಂದಿನ ಬೆಳಕಿಗೂ ಪರದೆಗೂ ನಡುವೆ ಬಣ್ಣ ಚೆನ್ನಾಗಿ ಕೊಡುವ ಒಂದು ಪದರ ಇರುತ್ತದೆ, ಅಷ್ಟೇ. ಒಂದೆರಡು ಸಾವಿರ ವ್ಯತ್ಯಾಸವಾದರೆ ತಗೊಳ್ಳಿ, ಹತ್ತು ಸಾವಿರವಾದರೆ ಬೇಡ.

ಅದಕ್ಕಿಂತ ಮುಖ್ಯ, ಹಾಲ್‌ನಲ್ಲಿ ಯಾರು ಎಲ್ಲಿ ಕೂರುತ್ತಾರೆ ಅನ್ನುವುದು. ಎಲ್‌ಸಿಡಿ ಪ್ಯಾನೆಲ್ (ಪರದೆ) ಮುಖ್ಯವಾಗಿ ಎರಡು ಬಗೆ, ವಿಎ ಮತ್ತು ಐಪಿಎಸ್. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢವಾಗಿರುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಮಂಕಾಗುತ್ತದೆ. ಐಪಿಎಸ್‌ನಲ್ಲಿ ಕಪ್ಪು ಸ್ವಲ್ಪ ಬೂದು, ಆದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕಾಣುತ್ತದೆ. ನಮ್ಮಮ್ಮ ಅಡುಗೆಮನೆ ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಾ ನೋಡುವವರು. ಅವರಿಗಾಗಿ ನಾನು ಐಪಿಎಸ್ ತಗೊಂಡೆ. ಅಂಗಡಿಯಲ್ಲಿ ಟಿವಿ ಪಕ್ಕಕ್ಕೆ ಸರಿದು ನಿಂತು ಯಾವುದಾದರೂ ಮುಖ ನೋಡಿ, ತಕ್ಷಣ ಗೊತ್ತಾಗುತ್ತದೆ. ಅಲ್ಲಿ ಓಡುವ ಹೂವು, ಜಲಪಾತದ ಡೆಮೊ ನೋಡಿ ನಿರ್ಧಾರ ಮಾಡಬೇಡಿ. ಕೇಬಲ್ ಚಾನೆಲ್ ಹಾಕಿ, ಪಿಕ್ಚರ್ ಮೋಡನ್ನು ವಿವಿಡ್‌ನಿಂದ ಸ್ಟ್ಯಾಂಡರ್ಡ್‌ಗೆ ಬದಲಾಯಿಸಿ ಅಂತ ಕೇಳಿ.

ಸದ್ದಿನ ವಿಷಯ ಯಾರೂ ಹೇಳುವುದಿಲ್ಲ. ತೆಳು ಟಿವಿಗಳ ಸ್ಪೀಕರ್ ಹೆಚ್ಚಾಗಿ ಕೆಳಗೋ ಹಿಂದಕ್ಕೋ ಮುಖ ಮಾಡಿರುತ್ತದೆ. ಸಂಗೀತ ಜೋರು, ಮಾತು ಅಸ್ಪಷ್ಟ. ಕಿವಿ ಸ್ವಲ್ಪ ಮಂದವಾದವರಿಗೆ ಇದು ದೊಡ್ಡ ತೊಂದರೆ. ಚಿತ್ರಕ್ಕೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಚಿಕ್ಕ ಸೌಂಡ್‌ಬಾರ್ (ಟಿವಿ ಮುಂದೆ ಇಡುವ ಉದ್ದನೆಯ ಸ್ಪೀಕರ್) ತಗೊಳ್ಳಿ. ಟಿವಿಯಲ್ಲಿ ಸದ್ದನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಎಆರ್‌ಸಿ ಪೋರ್ಟ್ ಇದ್ದರೆ ಒಂದೇ ವೈರಿನಲ್ಲಿ ಕೆಲಸ ಮುಗಿಯುತ್ತದೆ. ಹಾಗೆಯೇ ಟಿವಿ ಆನ್ ಮಾಡಿದ ಕೂಡಲೇ ಸೆಟ್‌ಟಾಪ್ ಬಾಕ್ಸಿನ ಚಾನೆಲ್ ಬರುವಂತೆ ಮಾಡುವ ಸೆಟ್ಟಿಂಗ್ ಇದೆಯಾ ನೋಡಿ. ಅಪ್ಪ ಆ್ಯಪ್‌ಗಳ ಪುಟದಲ್ಲಿ ಸಿಕ್ಕಿಕೊಂಡು ನನಗೆ ದಿನಾ ಫೋನ್ ಮಾಡುತ್ತಿದ್ದರು. ಆ ಸೆಟ್ಟಿಂಗ್ ಬದಲಾಯಿಸಿದ ಮೇಲೆ ನಿಂತಿತು.

ಬೆಲೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಬೆಲೆ ಹಿಡಿದುಕೊಂಡು ಇಷ್ಟು ಡಿಸ್ಕೌಂಟ್ ಅಂದರೆ ನಂಬಬೇಡಿ.

ಕಂಪನಿ ಯಾವುದು ಅಂತ ಕೇಳಿದರೆ, ಸಾಗರದಲ್ಲೋ ಶಿವಮೊಗ್ಗದಲ್ಲೋ ಸರ್ವಿಸ್ ಇರುವುದು ಅನ್ನುತ್ತೇನೆ. ಕೊಳ್ಳುವ ಮೊದಲೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ನಿಮ್ಮೂರಿನ ಪಿನ್‌ಕೋಡ್ ಹೇಳಿ, ಮನೆಗೆ ಬರುತ್ತಾರಾ ಕೇಳಿ. ಪ್ಯಾನೆಲ್ ಹೋದರೆ ರಿಪೇರಿಗೆ ಹೊಸ ಟಿವಿಯಷ್ಟೇ ಖರ್ಚು ಬರಬಹುದು, ಹಾಗಾಗಿ ಪ್ಯಾನೆಲ್ ವಾರಂಟಿ ಎಷ್ಟು ವರ್ಷ ಅನ್ನುವುದನ್ನೂ ನೋಡಿ. ನಮಗೆ ಮೊದಲು ಬಂದ ಟಿವಿಯ ಮೂಲೆ ಬಿರುಕು ಬಿಟ್ಟಿತ್ತು. ಡಬ್ಬ ಬಿಚ್ಚುವಾಗ ತಮ್ಮ ವಿಡಿಯೊ ಮಾಡಿದ್ದರಿಂದ ಬದಲಾಯಿಸಿ ಕೊಟ್ಟರು. ನೀವೂ ಮಾಡಿಸಿ. ಮಲೆನಾಡಿನ ಗುಡುಗು ಸಿಡಿಲಿಗೆ ಪ್ಲಗ್ ಜೊತೆ ಡಿಶ್ ವೈರನ್ನೂ ಕೀಳೋಕೆ ಹೇಳಿ. ಎಷ್ಟೋ ಟಿವಿ ಹೋಗುವುದು ಆ ವೈರಿನಿಂದ ಬರುವ ಹೊಡೆತಕ್ಕೆ.

55 ಇಂಚಿನ ಪರದೆ ಸುಮಾರು 122 ಸೆಂಟಿಮೀಟರ್ ಅಗಲ, 69 ಎತ್ತರ. ಅಷ್ಟಗಲಕ್ಕೆ ಹಳೆಯ ಪೇಪರ್ ಜೋಡಿಸಿ ಗೋಡೆಗೆ ಅಂಟಿಸಿ, ಸೋಫಾದಲ್ಲಿ ಕೂತು ನೋಡೋಕೆ ಹೇಳಿ. ಸ್ಟ್ಯಾಂಡ್ ಮೇಲೆ ಇಡುವುದಾದರೆ ಅದರ ಅಗಲವನ್ನೂ ಅಳೆಸಿ. ಎಷ್ಟೋ ಟಿವಿಗಳ ಕಾಲು ಎರಡು ತುದಿಯಲ್ಲಿರುತ್ತವೆ. ಅಳತೆ ಸಿಕ್ಕ ಮೇಲೆ ಇಲ್ಲೇ ತಿಳಿಸಿ, ಮಾಡೆಲ್ ನೋಡೋಣ.